ಸ್ವಲ್ಪ ತಳ್ಳಿ

ನೀರಜಾ ಆಡಿದ್ದು ಎರಡೇ ಮಾತು. ಆ ಎರಡು ಮಾತಿಗೆ ಅತ್ತೆಯ ಎಡಗೈ ಬೆಂದುಹೋಯಿತು. ಮನೆಯ ನೆಮ್ಮದಿಯೂ ಅದರ ಹಿಂದೆಯೇ ಹೋಯಿತು.

ಎರಡು ಸಾವಿರದ ಎಂಟನೇ ಇಸವಿಯ ಆಷಾಢ, ಶನಿವಾರ ಸಂಜೆ. ಚೆನ್ನೈನ ಮೈಲಾಪೂರಿನ ಒಂದು ಹಳೇ ಫ್ಲ್ಯಾಟಿನ ಅಡುಗೆಮನೆಯಲ್ಲಿ ಇಬ್ಬರು ಹೆಂಗಸರು ನಿಂತರೆ ಗಾಳಿಗೂ ಜಾಗವಿಲ್ಲ. ಬಸವಣ್ಣೆಮ್ಮ ಒಲೆಯ ಮುಂದೆ ನಿಂತು ಮೆಣಸಿನಕಾಯಿ ಬಜ್ಜಿ ಕರಿಯುತ್ತಿದ್ದರು. ದಾವಣಗೆರೆಯ ಹೆಣ್ಣುಮಗಳು, ಮಂಡಕ್ಕಿ ಮೆಣಸಿನಕಾಯಿ ತಿನ್ನದೆ ಒಂದು ವಾರ ಮುಗಿಯಿತೆಂದು ಒಪ್ಪುವವರಲ್ಲ. ಸೊಸೆ ನೀರಜಾ ಗಂಜಿ ಬಸಿಯಲು ಅನ್ನದ ತಪ್ಪಲೆಯನ್ನು ಎರಡೂ ಕೈಯಲ್ಲಿ ಹಿಡಿದು ಸಿಂಕಿನ ಕಡೆ ತಿರುಗಿದಳು. ಸಿಂಕಿಗೆ ಅಡ್ಡವಾಗಿ ಅತ್ತೆ ನಿಂತಿದ್ದರು.

"ಅತ್ತೆ, ಸ್ವಲ್ಪ ತಳ್ಳಿ."

ನೀರಜಾ ಹುಟ್ಟಿ ಬೆಳೆದದ್ದು ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ. ಮನೆಯೊಳಗೆ ಮೈಸೂರು ಕಡೆಯ ಕನ್ನಡ, ಹೊಸಿಲು ದಾಟಿದರೆ ತಮಿಳು. ಈ ಊರಿನ ಬಸ್ಸಿನಲ್ಲಿ, ರೇಷನ್ ಅಂಗಡಿಯ ಸಾಲಿನಲ್ಲಿ 'ಕೊಂಜಂ ತಳ್ಳುಂಗ' ಎಂದರೆ 'ಸ್ವಲ್ಪ ಸರಿಯಿರಿ' ಎಂದರ್ಥ. ಅದೇ ಮಾತು ಅವಳ ಕನ್ನಡದೊಳಗೂ ಬಾಡಿಗೆ ಕೊಡದೆ ಬಂದು ಕೂತಿತ್ತು. ದಾವಣಗೆರೆಯಲ್ಲಿ ಮಾತ್ರ ತಳ್ಳು ಎಂದರೆ ನೂಕು ಎಂದೇ ಅರ್ಥ. ಸೊಸೆ ತಪ್ಪಲೆ ಇಡಲು ಒಲೆಯ ಮೇಲೆ ಜಾಗ ಕೇಳುತ್ತಿದ್ದಾಳೆ ಎಂದುಕೊಂಡ ಬಸವಣ್ಣೆಮ್ಮ, ಬಲಗೈಯ ಜಾಲರಿ ಸೌಟು ಬಿಡದೆ, ಎಡಗೈಗೆ ಸೆರಗು ಸುತ್ತಿಕೊಂಡು ಎಣ್ಣೆಯ ಬಾಣಲೆಯನ್ನೇ ಹಿಂದಕ್ಕೆ ತಳ್ಳಿದರು. ದುಂಡು ತಳದ ಬಾಣಲೆ. ಗೋಡೆಗೆ ತಾಗಿ ಮುಂದಕ್ಕೆ ವಾಲಿತು.

ನೀರಜಾ ತಪ್ಪಲೆ ಕೆಳಗೆ ಕುಕ್ಕಿ, ಅತ್ತೆಯ ಕೈಯನ್ನು ಎಳೆದು ನಲ್ಲಿಯ ಕೆಳಗೆ ಹಿಡಿದಳು. "ನೀರು ಬಿಡಬ್ಯಾಡ, ಬೊಬ್ಬಿ ಬರ್ತಾವ, ಬಿಡೇ!" ಎಂದು ಬಸವಣ್ಣೆಮ್ಮ ಕೂಗಿದ್ದು ಮೂರನೇ ಮಹಡಿಗೂ ಕೇಳಿತು. ಹತ್ತು ವರ್ಷದ ಮೊಮ್ಮಗಳು ಬಿಂದು ಬಾಗಿಲಲ್ಲಿ ನಿಂತು ಅಳತೊಡಗಿದಳು. ಆಟೋದಲ್ಲಿ ಆಸ್ಪತ್ರೆಗೆ ಹೋಗುವಷ್ಟು ಹೊತ್ತೂ ಬಸವಣ್ಣೆಮ್ಮ ಒಂದೇ ಮಾತು ಹೇಳುತ್ತಿದ್ದರು. "ನೀನೇ ತಳ್ಳು ಅಂದಿ. ನೀನೇ ಅಂದಿ."

ಅಂಗೈ, ನಾಲ್ಕು ಬೆರಳು, ಮಣಿಕಟ್ಟಿನ ಮೇಲೆ ಒಂದು ಗೇಣು. ಸುಟ್ಟಿದ್ದು ಆಳವಾಗಿತ್ತು. ವಾರ್ಡಿನಲ್ಲಿ ಮಂಚ ಸಿಕ್ಕಿತು. ಮಾರನೆಯ ದಿನದಿಂದ ದಾವಣಗೆರೆಯ ಫೋನುಗಳು ಶುರುವಾದವು. ಬಸವಣ್ಣೆಮ್ಮ ತಂಗಿ ಶಿವಲಿಂಗಮ್ಮನಿಗೆ ಹೇಳಿದ್ದು "ಸೊಸಿ ತಳ್ಳು ಅಂದ್ಲು" ಎಂದು. ಶಿವಲಿಂಗಮ್ಮ ಹರಿಹರಕ್ಕೆ ದಾಟಿಸಿದ್ದು "ಸೊಸಿ ತಳ್ಳಿದ್ಲಂತ" ಎಂದು. ಅದು ರಾಣೆಬೆನ್ನೂರು ಮುಟ್ಟುವಾಗ ನೀರಜಾ ಬಾಣಲೆ ಎತ್ತಿ ಎಣ್ಣೆ ಎರಚಿದ್ದಳು. ಹೇಳುವವರ ಬಾಯಿಗೆ ಬಾಗಿಲಿದ್ದರೂ ಕೇಳುವವರ ಕಿವಿಗೆ ಅಗುಳಿ ಎಲ್ಲಿದೆ?

ಗಂಡ ರುದ್ರೇಶ್ ಅಂಬತ್ತೂರಿನ ಒಂದು ಕಾರ್ಖಾನೆಯ ಆಫೀಸಿನಲ್ಲಿದ್ದವನು. ಬೆಳಗಿನ ತಿಂಡಿಗೆ ಕೂತಾಗ ನೀರಜಾ ಕೇಳಿಯೇಬಿಟ್ಟಳು.

"ರೀ, ತಳ್ಳುಂಗ ಅಂದ್ರೆ ಏನು ಅಂತ ನಿಮಗೆ ಗೊತ್ತಲ್ವಾ?"

"ಗೊತ್ತೈತಿ. ಬಸ್ಸಿನಾಗ ದಿನಾ ಇಪ್ಪತ್ತು ಸಲ ಕೇಳ್ತೀನಿ."

"ಮತ್ತೆ ಅತ್ತೆಗೆ ಒಂದು ಮಾತು ಹೇಳಬಾರದಾ? ನಾನು ಹೇಳಿದ್ರೆ ನೆಪ ಹೇಳ್ತಾಳೆ ಅಂತಾರೆ."

"ಅವ್ವ ನೋವಿನಾಗ ಅದಾಳ. ಈಗ ಹೆಂಡ್ತಿ ಪರ ವಕಾಲತ್ತು ಮಾಡಿದ್ರ ಏನಂದಾಳು? ಕೈ ವಾಸಿ ಆಗ್ಲಿ, ಹೇಳಿದ್ರಾತು."

"ಅಷ್ಟು ಹೊತ್ತಿಗೆ ನಿಮ್ಮೂರೆಲ್ಲ ನನ್ನ ಕೊಲೆಗಾತಿ ಮಾಡಿರತ್ತೆ."

"ನೀನೂ ಕನ್ನಡ ಆಡುವಾಗ ಕನ್ನಡ ಆಡಬೇಕಿತ್ತು," ಎಂದು ರುದ್ರೇಶ್ ಕೈ ತೊಳೆದುಕೊಂಡ.

ನೀರಜಾಳಿಗೆ ಮೈ ಉರಿಯಿತು. ಗೊತ್ತಿಲ್ಲದವರು ದೂರಿದರೆ ಸಹಿಸಬಹುದು. ಗೊತ್ತಿದ್ದವನು ಬಾಯಿಗೆ ಬೀಗ ಹಾಕಿಕೊಂಡದ್ದೇ ಅವಳಿಗೆ ಹೆಚ್ಚು ನೋವಾಗಿತ್ತು. ಮಾವ ಸೋಮಲಿಂಗಪ್ಪನವರದು ಜವಳಿ ಅಂಗಡಿ. ಅವರು ಮಗನ ಜೊತೆ ಚೆನ್ನೈಗೆ ಬಂದು ಹದಿನಾಲ್ಕು ವರ್ಷವಾಗಿತ್ತು. ಬಸವಣ್ಣೆಮ್ಮ ಮಗಳ ಮದುವೆ ಮುಗಿಸಿಕೊಂಡು ಬಂದು ಮೂರೇ ವರ್ಷ. ಮಾವನಿಗೂ ತಮಿಳು ಚೆನ್ನಾಗಿ ಬರುತ್ತಿತ್ತು. ಆದರೆ ಅಂಗಡಿಯಲ್ಲಿ ತಮಿಳರ ಆಡಿ ತಿಂಗಳ ರಿಯಾಯಿತಿ ಮಾರಾಟ, ಆಡಿ ಸೇಲ್, ನಡೆದಿತ್ತು. ಅವರು ಬೆಳಿಗ್ಗೆ ಆಸ್ಪತ್ರೆಯ ಮಂಚದ ಹತ್ತಿರ ಐದು ನಿಮಿಷ ನಿಂತು, "ಆರಾಮ ಆಗ್ತದ ಬಿಡು" ಎಂದು ಹೊರಟರೆ ಮುಗಿಯಿತು.

ಉಳಿದದ್ದೆಲ್ಲ ನೀರಜಾಳ ಪಾಲು. ಐದಕ್ಕೆ ಎದ್ದು ಅಡುಗೆ, ಬಿಂದುವಿನ ಜಡೆ, ಟಿಫನ್ ಡಬ್ಬಿ, ಕರೆಂಟು ಹೋಗುವ ಮುಂಚೆ ನೀರಿನ ಮೋಟರು, ಆಮೇಲೆ ಬಸ್ಸು. ಕಾಲು ಸುಟ್ಟ ಬೆಕ್ಕಿನ ಹಾಗೆ ಮನೆಗೂ ಆಸ್ಪತ್ರೆಗೂ ತಿರುಗಿದಳು. ಅಷ್ಟು ತಿರುಗಿದರೂ ಅವಳ ಕೈಯ ಊಟ ಅತ್ತೆಗೆ ಬೇಡ. ಕ್ಯಾಂಟೀನಿನ ಇಡ್ಲಿ ಹುಳಿ ಎಂದು ಮುಖ ಕಿವುಚುತ್ತಲೇ ಅದನ್ನೇ ತಿಂದರು. ಮೂರನೆಯ ದಿನ ಸಂಜೆ ಬಿಂದು ಒಂದು ಉಪಾಯ ಹೂಡಿದಳು. ರೊಟ್ಟಿಯ ಡಬ್ಬಿ ತಾನೇ ಹೊತ್ತು ಅಜ್ಜಿಯ ಮುಂದೆ ಹಿಡಿದಳು.

"ಅಜ್ಜಿ, ನಾನೇ ಪಣ್ಣಿನೇನ್."

"ಏನಂತೈತಿ ಕೂಸು?"

"ನಾನೇ ಮಾಡಿದ್ದು ಅಂತಿದಾಳೆ," ಎಂದಳು ನೀರಜಾ ಬಾಗಿಲ ಹತ್ತಿರದಿಂದ.

ಬಸವಣ್ಣೆಮ್ಮ ರೊಟ್ಟಿ ಬಿಡಿಸಿ ನೋಡಿದರು. ಅಂಚು ಸೀಳದ, ಹದವಾಗಿ ಬಡಿದ ಜೋಳದ ರೊಟ್ಟಿ. "ಹತ್ತು ವರ್ಷದ ಕೂಸಿನ ಕೈಗೆ ಏನು ಹದ ಐತಿ ನೋಡ್ರಿ!" ಎಂದು ಪಕ್ಕದ ಮಂಚದವಳಿಗೆ ಕನ್ನಡದಲ್ಲೇ ಹೇಳಿ ಎರಡು ತಿಂದರು. ನಂಬಿದರೋ ಹಸಿವೆಗೆ ನಂಬಿದ ಹಾಗೆ ಮಾಡಿದರೋ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಊಟಕ್ಕಿಂತ ದೊಡ್ಡ ಚಿಂತೆ ಬೇರೆಯಿತ್ತು. ಲಿಂಗವಂತರ ಮನೆ. ದಿನಾ ಸ್ನಾನ ಮಾಡಿ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟು ಪೂಜೆ ಮಾಡಿದ ಮೇಲೆಯೇ ಬಸವಣ್ಣೆಮ್ಮನ ಬಾಯಿಗೆ ನೀರು. ಈಗ ಲಿಂಗದ ಕರಡಿಗೆ ಕೊರಳಲ್ಲಿ ಸುಮ್ಮನೆ ತೂಗುತ್ತಿತ್ತು. ಗಾಯ ತಾನಾಗಿ ಮಾಯುತ್ತ ಹೋದರೆ ಚರ್ಮ ಎಳೆದುಕೊಂಡು ಅಂಗೈ ಮುಷ್ಟಿಯಾಗಿಬಿಡುತ್ತದೆ ಎಂದು ಡಾಕ್ಟರ್ ಮಾಧವಿ ಹೇಳಿದ್ದರು. "ಅಂಗೈ ಮುಚ್ಚಿಕೊಂಡ್ರ ಲಿಂಗ ಎಲ್ಲಿಡ್ಲಿ? ಶ್ರಾವಣ ಬಂತು," ಎಂದು ಬಸವಣ್ಣೆಮ್ಮ ಮೊಮ್ಮಗಳ ಮುಂದೆ ಕಣ್ಣೊರೆಸಿಕೊಂಡದ್ದನ್ನು ನೀರಜಾ ನೋಡಿದಳು. ಅವತ್ತು ಅವಳಿಗೆ ಅತ್ತೆಯ ಮೇಲಿನ ಸಿಟ್ಟೆಲ್ಲ ಒಂದು ಗಳಿಗೆ ಇಳಿದುಹೋಯಿತು.

ಎರಡನೆಯ ವಾರ ಡಾಕ್ಟರ್ ಮಾಧವಿ ನೀರಜಾಳನ್ನು ಮಂಚದ ಬಳಿ ಕರೆದರು. ತಮಿಳಿನಲ್ಲಿ ನಿಧಾನವಾಗಿ ವಿವರಿಸಿದರು. ತೊಡೆಯ ಚರ್ಮ ತೆಗೆದು ಕೈಗೆ ಹಚ್ಚುವುದು ಸಾಮಾನ್ಯ ಕ್ರಮ. ಆದರೆ ಸಕ್ಕರೆ ಕಾಯಿಲೆಯ ಮೈ, ತೊಡೆಯ ಗಾಯವೂ ಮಾಯದೆ ನಿಂತರೆ ಕಷ್ಟ. ಇಲ್ಲಿ ಸ್ಟೆಮ್ ಸೆಲ್ ಎಂಬುದರ ಪ್ರಯೋಗ ನಡೆದಿದೆ. ಹೊಸ ಚರ್ಮ ಹುಟ್ಟಲು ನೆರವಾಗುವ ಜೀವಕಣಗಳನ್ನು ಲ್ಯಾಬಿನಲ್ಲಿ ಬೆಳೆಸಿ, ತೆಳ್ಳನೆ ಪೊರೆಯ ಮೇಲೆ ಹಾಕಿ, ಗಾಯಕ್ಕೆ ಹೊದಿಸುತ್ತಾರೆ. ಗುಣವಾಗಿಯೇ ಆಗುತ್ತದೆಂದು ಮಾತು ಕೊಡಲಾರೆ. ಮುಂದಿನ ಗುರುವಾರದೊಳಗೆ ಹಾಕಬೇಕು, ಆಮೇಲೆ ಪ್ರಯೋಜನ ಕಡಿಮೆ. ಮುಖ್ಯವಾಗಿ, ರೋಗಿಗೆ ಅರ್ಥವಾಗಿ ಅವರೇ ಒಪ್ಪಿ ಸಹಿ ಮಾಡಬೇಕು.

"ಕಣಗಳನ್ನು ಎಲ್ಲಿಂದ ತೆಗೀತೀರಿ ಡಾಕ್ಟರ್?" ಎಂದು ನೀರಜಾ ತಮಿಳಿನಲ್ಲಿ ಕೇಳಿದಳು.

"ಹೆರಿಗೆ ಆದ್ಮೇಲೆ ಬೀಳುತ್ತಲ್ಲ, ನಂಜುಕ್ಕೊಡಿ, ಅದರಿಂದ. ತಾಯಂದಿರು ಒಪ್ಪಿ ಕೊಟ್ಟದ್ದು."

"ನಂಜುಕ್ಕೊಡಿ?" ನೀರಜಾ ಬೆರಗಾಗಿ ಸ್ವಲ್ಪ ಗಟ್ಟಿಯಾಗಿಯೇ ಹೇಳಿದಳು. "ನಂಜುಕ್ಕೊಡಿ!"

ಮಂಚದ ಮೇಲೆ ಬಸವಣ್ಣೆಮ್ಮ ಕಣ್ಣು ಮುಚ್ಚಿ ಮಲಗಿದ್ದರು. ಕಿವಿ ಮುಚ್ಚಿರಲಿಲ್ಲ.

"ನೀವೇ ಕನ್ನಡದಲ್ಲಿ ಹೇಳಿ," ಎಂದು ಡಾಕ್ಟರು ಸಹಿಯ ಕಾಗದ ಕೈಗಿತ್ತರು. ನೀರಜಾ ಅತ್ತೆಯ ಕಡೆ ತಿರುಗಿ ಬಾಯಿ ತೆರೆದಳು. ಆಗ ಗೊತ್ತಾಯಿತು, ನಂಜುಕ್ಕೊಡಿಗೆ ಕನ್ನಡದಲ್ಲಿ ಏನೆನ್ನುತ್ತಾರೆ ಎಂಬುದು ಅವಳಿಗೆ ಬರುತ್ತಲೇ ಇರಲಿಲ್ಲ. ಬಿಂದುವನ್ನು ಹೆತ್ತದ್ದು ಇದೇ ಊರಿನಲ್ಲಿ, ನರ್ಸಮ್ಮಂದಿರ ತಮಿಳಿನ ನಡುವೆ. ಮನೆಯಲ್ಲಿ ಆ ಮಾತು ಯಾರೂ ಆಡಿದವರಲ್ಲ.

"ಅತ್ತೆ, ಅದು... ಒಂದು... ಒಂಥರಾ ಔಷಧಿ. ಕೈಗೆ ಹಾಕ್ತಾರಂತೆ. ಸಹಿ ಮಾಡಿ."

ಬಸವಣ್ಣೆಮ್ಮ ಎದ್ದು ಕೂತರು. ಮುಖ ಬಿಳಿಚಿಕೊಂಡಿತ್ತು.

"ಔಷಧಿ ಏನು? ನಂಜು ಕೊಡಿ ಅಂತ ನೀ ಡಾಕ್ಟರಿಗೆ ಹೇಳಿದ್ದು ನಾ ಕೇಳೀನಿ. ಎರಡು ಸಲ ಅಂದಿ! ಒಂದ್ಸಲ ಕೇಳ್ದಂಗ, ಒಂದ್ಸಲ ಹುಕುಂ ಮಾಡ್ದಂಗ!"

ನೀರಜಾ ಮೊದಲು ನಕ್ಕುಬಿಟ್ಟಳು. ಅದೇ ತಪ್ಪಾಯಿತು.

"ನಗ್ತಾಳ ನೋಡ್ರಿ!"

"ಅತ್ತೆ, ಹಾಗಲ್ಲ, ಅದು ತಮಿಳು. ನಂಜುಕ್ಕೊಡಿ ಅಂದ್ರೆ ಮಗು ಹೊಟ್ಟೇಲಿ ಇರುವಾಗ..."

"ಮತ್ತ ಅದೇ ಕಥಿ! ತಳ್ಳು ಅಂದ್ರ ಸರಿ ಅಂತ, ನಂಜು ಕೊಡು ಅಂದ್ರ ಮಗು ಅಂತ. ನಿನ್ನ ಬಾಯಾಗಿನ ಮಾತಿಗೆಲ್ಲ ಬ್ಯಾರೇನೇ ಅರ್ಥ ಅದಾವಲ್ಲ! ಕೈ ಸುಟ್ಟಿ. ಇನ್ನ ಜೀವ ಒಂದು ಉಳಿದೈತಿ, ತಗೋ."

ವಾರ್ಡೆಲ್ಲ ತಿರುಗಿ ನೋಡಿತು. ಭಾಷೆ ತಿಳಿಯದಿದ್ದರೂ ಅತ್ತೆ ಸೊಸೆಯ ಜಗಳ ಯಾವ ಭಾಷೆಯವರಿಗೆ ಅರ್ಥವಾಗದು? ನೀರಜಾ ಕಾಗದ ಹಿಡಿದುಕೊಂಡು ಹೊರಗಿನ ವರಾಂಡದಲ್ಲಿ ನಿಂತು ಬಿಕ್ಕಿ ಬಿಕ್ಕಿ ಅತ್ತಳು.

ಅವತ್ತಿನಿಂದ ಬಿಂದುವಿನ ರೊಟ್ಟಿಯೂ ಬಂದ್ ಆಯಿತು. ಬಸವಣ್ಣೆಮ್ಮ ಸಿಪ್ಪೆ ಸುಲಿಯದ ಬಾಳೆಹಣ್ಣು, ಎಳನೀರು ಇಷ್ಟರ ಮೇಲೆ ನಿಂತರು. ತಮ್ಮ ಕಣ್ಣೆದುರು ಕೊಚ್ಚಿದ ಎಳನೀರಾದರೆ ಮಾತ್ರ. ಮನೆಯಲ್ಲಿ ಸಂಜೆ ಪಂಚಾಯಿತಿ ಸೇರಿತು.

"ಅದೇನದು ಸ್ಟೆಮ್ ಸೇಲು?" ಎಂದರು ಸೋಮಲಿಂಗಪ್ಪ ಅನ್ನ ಕಲಸುತ್ತ. "ಆಡಿ ಸೇಲ್ ಗೊತ್ತು, ಕ್ಲಿಯರೆನ್ಸ್ ಸೇಲ್ ಗೊತ್ತು. ಇದ್ಯಾವ ಸೇಲು?"

"ಸೇಲ್ ಅಲ್ಲ ಮಾವ, ಸೆಲ್. ಜೀವಕಣ. ನಂಜುಕ್ಕೊಡಿಯಿಂದ ತೆಗೆದದ್ದು."

"ನಂಜಾ?" ಸೋಮಲಿಂಗಪ್ಪ ಕೈ ನಿಲ್ಲಿಸಿದರು. ಸೀರೆ, ಪಂಚೆ, ಗಜದ ಲೆಕ್ಕದ ತಮಿಳು ಅವರದು. ಹೆರಿಗೆ ಕೋಣೆಯ ತಮಿಳು ಅವರಿಗೆಲ್ಲಿ ಬರಬೇಕು? ರುದ್ರೇಶನೂ ಪಿಳಿಪಿಳಿ ನೋಡಿದ. ನೀರಜಾ ಕೈಸನ್ನೆಯಲ್ಲಿ ಮಗು, ಹೊಕ್ಕುಳು, ಬಳ್ಳಿ ಎಲ್ಲ ತೋರಿಸಿದಳು.

"ಅಂತಾದ್ದನ್ನ ಕೈಗೆ ಹಚ್ಚೋದು ಅಂದ್ರ ಅವ್ವ ಮೊದ್ಲೇ ಒಪ್ಪಂಗಿಲ್ಲ," ಎಂದ ರುದ್ರೇಶ್. "ಬಿಡು, ದೇವರಿಟ್ಟಂಗಾಗ್ಲಿ."

"ಬಿಡೋಕೆ ನಿಮ್ಮ ಕೈಯಲ್ಲ ಅದು!" ನೀರಜಾ ಸೌಟು ಕುಕ್ಕಿದಳು. "ಗುರುವಾರ ಕಳೆದ್ರೆ ಅತ್ತೆ ಕೈ ಮುಷ್ಟಿಯಾಗತ್ತೆ. ಸಾಯೋತನಕ ಲಿಂಗ ಇಡೋಕಾಗಲ್ಲ. ಸಾಯೋತನಕ ಅದನ್ನ ನೋಡ್ಕೊಂಡು ನಾನು ಈ ಮನೇಲಿ ಇರಬೇಕು. ನಿಮ್ಮಿಬ್ಬರಲ್ಲಿ ಒಬ್ಬರಾದ್ರೂ ಬಾಯಿ ಬಿಡ್ತೀರಾ ಇಲ್ವಾ? ತಳ್ಳುಂಗ ಅಂದ್ರೆ ಏನು ಅಂತ ಹದಿನೈದು ದಿನದಿಂದ ಯಾಕೆ ಹೇಳಲಿಲ್ಲ ನೀವು?"

ತಂದೆ ಮಗ ಇಬ್ಬರೂ ತಟ್ಟೆ ನೋಡಿ ಅನ್ನ ಕಲಸತೊಡಗಿದರು. ಬಿಂದು ಮಾತ್ರ, "ಅಮ್ಮಾ, ಅಳಾದೇ, ಅಳಬೇಡ," ಎಂದಳು. ಮಜ್ಜಿಗೆ ಯಾರಿಗೂ ಬೇಡವಾಯಿತು.

ಬುಧವಾರ ಬಂತು. ಅಂಗಡಿ ಬಿಟ್ಟು ಸೋಮಲಿಂಗಪ್ಪನವರೇ ಹೆಂಡತಿಯನ್ನು ಒಪ್ಪಿಸಲು ಕೂತಿದ್ದರು. ನೀರಜಾ ಒಳಗೆ ಹೋಗದೆ ಬಾಗಿಲ ಹತ್ತಿರ ನಿಂತಿದ್ದಳು. ರಜೆಯ ಮೇಲೆ ಊರಿಗೆ ಹೋಗಿದ್ದ ಆಯಾ ಕರಿಯಮ್ಮ ಅವತ್ತೇ ಕೆಲಸಕ್ಕೆ ಬಂದಿದ್ದಳು. ನೆಲ ಒರೆಸುವ ಕೋಲು ಹಿಡಿದು, ಫಿನಾಯಿಲ್ ಬಕೆಟ್ಟು ಎಳೆಯುತ್ತ, ಉದ್ದಕ್ಕೂ ಕೂಗುತ್ತ ಬಂದಳು.

"ತಳ್ಳುಂಗಮ್ಮಾ, ತಳ್ಳುಂಗ! ಕೊಂಜಂ ತಳ್ಳುಂಗಯ್ಯಾ!"

ಮೊದಲ ಮಂಚದ ಬಳಿ ಕೂತಿದ್ದ ಮುದುಕ ಎದ್ದು ಬದಿಗೆ ನಿಂತ. ಎರಡನೆಯ ಮಂಚದ ಹೆಂಗಸು ಕೂಸನ್ನೆತ್ತಿಕೊಂಡು ಸರಿದಳು. ಮೂರನೆಯವರು ಚಪ್ಪಲಿ ಎತ್ತಿ ಹಿಂದಾದರು. ಸೋಮಲಿಂಗಪ್ಪನವರೂ ಪಂಚೆ ಎತ್ತಿ ಕಟ್ಟಿ ಸ್ಟೂಲಿನಿಂದೆದ್ದು ಗೋಡೆಗೆ ಒತ್ತಿ ನಿಂತರು. ಯಾರೂ ಏನನ್ನೂ ನೂಕಲಿಲ್ಲ.

ಬಸವಣ್ಣೆಮ್ಮ ಒಬ್ಬೊಬ್ಬರನ್ನೇ ನೋಡಿದರು. ಕೊನೆಗೆ ಗಂಡನನ್ನು ನೋಡಿದರು.

"ನೀವ್ಯಾಕ ಎದ್ರಿ?"

"ತಳ್ಳುಂಗ ಅಂದ್ಲಲ್ಲ."

"ಅಂದ್ರ?"

"ಸರೀರಿ ಅಂತ."

"ಯಾವಾಗಿಂದ ಗೊತ್ತು ನಿಮಗ?"

ಸೋಮಲಿಂಗಪ್ಪ ಕೆಮ್ಮಿದರು. "ಈ ಊರಿಗೆ ಬಂದಾಗಿಂದ. ಅಂಗಡಿಯಾಗ ಗಿರಾಕಿಗೆ ನಾನೇ ದಿನಾ ಅಂತೀನಿ."

"ಮತ್ತ ನನಗ್ಯಾಕ ಹೇಳ್ಲಿಲ್ಲ? ನಾ ಇಲ್ಲಿ ಆ ಹುಡುಗಿ ಮ್ಯಾಲ ಊರೆಲ್ಲ ಹೇಳ್ಕೊಂತ ಬಂದೆ. ನೀವು ತಂದಿ ಮಗ ಬಾಯಿ ಹೊಲ್ಕೊಂಡು ಕೂತಿದ್ರಾ?"

ಕನ್ನಡ ಕಿವಿಗೆ ಬಿದ್ದು ಕರಿಯಮ್ಮ ಕೋಲು ನಿಲ್ಲಿಸಿದಳು.

"ಕನ್ನಡದೋರಾ ಅಮ್ಮಾ? ನಾನೂ ಹೊಸೂರು ಕಡೆಯೋಳೇ. ಮನೇಲಿ ಕನ್ನಡಾನೇ ನಮ್ದು."

"ಬಾ ಇಲ್ಲಿ," ಎಂದರು ಬಸವಣ್ಣೆಮ್ಮ. "ನಿನಗ ಎರಡೂ ಬರ್ತಾವ. ನಂಜು ಕೊಡಿ ಅಂದ್ರ ಏನವ್ವಾ? ಖರೇ ಹೇಳು."

ಕರಿಯಮ್ಮ ಸೊಂಟದ ಮೇಲೆ ಕೈಯಿಟ್ಟು ನಕ್ಕಳು. "ಅಯ್ಯೋ ಅಮ್ಮಾ, ಕೊಡೋದಲ್ಲ ತಗೊಳ್ಳೋದಲ್ಲ. ನಂಜುಕ್ಕೊಡಿ ಅಂದ್ರೆ ಕಸ! ಮಗಿ ಹುಟ್ಟಿದ್ ಮ್ಯಾಲೆ ಬೀಳ್ತದಲ್ಲ, ಆ ಕಸ. ಅದರದ್ದೇ ಔಸ್ದಿ ಮಾಡ್ತಾರೆ ಈ ಡಾಕ್ಟ್ರಮ್ಮ."

ಕಸ. ನೀರಜಾ ಬಾಗಿಲಲ್ಲೇ ಆ ಮಾತನ್ನು ಮೆಲ್ಲಗೆ ಹೇಳಿಕೊಂಡಳು. ಮನೆ ಗುಡಿಸಿದ ಕಸವನ್ನು ದಿನಾ ಹೊರಗೆ ಹಾಕಿದವಳು ಅವಳು. ಇದಕ್ಕೂ ಅದೇ ಹೆಸರೆಂದು ಯಾರು ಹೇಳಬೇಕಿತ್ತು?

ಬಸವಣ್ಣೆಮ್ಮ ತಮಗೆ ನೆನಪಾದದ್ದನ್ನು ತಾವೇ ಬಾಯಿಬಿಟ್ಟು ಹೇಳಿದರು. "ರುದ್ರೇಶ ಹುಟ್ಟಿದಾಗ ನಮ್ಮವ್ವ ಅರಿಶಿಣ, ಬೇವಿನಸೊಪ್ಪು ಹಾಕಿ ಬಚ್ಚಲ ಹಿಂದ ಹೂಳಿದ್ಲು. ಒಂಬತ್ತು ತಿಂಗಳು ಕೂಸನ್ನ ಸಾಕಿದ್ದು ಅದು. ಅದು ನಂಜು ಹೆಂಗಾದೀತು? ಈ ತಮಿಳರಿಗೆ ಬ್ಯಾರೆ ಹೆಸರೇ ಸಿಗಲಿಲ್ಲೇನು?"

"ಯಾರದೋ ಕಸ, ಸೂತಕ ಅಂತ ಮನಸಿಗೆ..." ಎಂದು ಸೋಮಲಿಂಗಪ್ಪ ರಾಗ ಎಳೆದರು.

"ಲಿಂಗ ಕಟ್ಟಿದೋರಿಗೆ ಸೂತಕ ಎಲ್ಲೈತ್ರಿ? ಪುಸ್ತಕ ಓದೋದು ನೀವು, ನಾ ಹೇಳಬೇಕಾ? ಮಣ್ಣಿಗೆ ಹೋಗೋದು ನನ್ನ ಕೈಗೆ ಬಂದ್ರ ಮಣ್ಣಿನ ಗಂಟೇನು ಹೋಗ್ತದ?" ಅವರು ಬಾಗಿಲ ಕಡೆ ನೋಡಿದರು. "ಎಲ್ಲಿ ಸಹಿ ಮಾಡ್ಬೇಕು, ತೋರ್ಸು ಬಾ."

ನೀರಜಾ ಕಾಗದ ಹಿಡಿದಳು. ಬಸವಣ್ಣೆಮ್ಮ ಬಲಗೈಯಿಂದ ದುಂಡನೆಯ ಕನ್ನಡ ಅಕ್ಷರದಲ್ಲಿ ತಮ್ಮ ಹೆಸರು ಬರೆದರು. ಅತ್ತೆ ಈಗಲಾದರೂ ಒಂದು ಮಾತು ಹೇಳುತ್ತಾರೆಂದು ನೀರಜಾ ಕಾದಳು. ಬಸವಣ್ಣೆಮ್ಮ ಹೇಳಿದ್ದು ಇಷ್ಟೇ: "ಹಸಿವಾಗೈತಿ. ಡಬ್ಬಿಯಾಗ ಏನೈತಿ?"

ಗುರುವಾರ ಪೊರೆ ಹೊದಿಸಿದರು. ಆರನೆಯ ದಿನ ಕೈಯ ಪಟ್ಟಿ ಬಿಚ್ಚಿದಾಗ ಅಂಗೈಯ ಅಂಚಿನಲ್ಲಿ ತಿಳಿಗುಲಾಬಿ ಬಣ್ಣ ಇಣುಕಿತ್ತು. ಡಾಕ್ಟರ್ ಮಾಧವಿ ಹಿಗ್ಗಲಿಲ್ಲ, "ನೋಡೋಣ" ಎಂದರು. ಹನ್ನೆರಡನೆಯ ದಿನ ಇನ್ನೊಂದು ಪೊರೆ. ಶ್ರಾವಣದ ಮೂರು ಸೋಮವಾರ ಆಸ್ಪತ್ರೆಯಲ್ಲೇ ಕಳೆದವು. ಮನೆಗೆ ಬಂದ ಮೇಲೆ ದಿನಕ್ಕೆ ನಾಲ್ಕು ಸಲ ನೀರಜಾ ಅತ್ತೆಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಹಿಡಿಯಬೇಕಿತ್ತು.

"ಸಾಕು ಬಿಡೇ, ಜೀವ ಹೋಗ್ತೈತಿ."

"ಇನ್ನೂ ಹತ್ತು ಎಣಿಸಬೇಕು ಅತ್ತೆ."

"ಹತ್ತನ್ನ ನೀ ಇಪ್ಪತ್ತು ಮಾಡಿ ಎಣಿಸ್ತಿ."

"ಹೌದು, ಎಣಿಸ್ತೀನಿ."

ಒಂದು ದಿನ ಬೆರಳು ಬಿಡಿಸುತ್ತಿರುವಾಗಲೇ ಶಿವಲಿಂಗಮ್ಮನ ಫೋನು ಬಂತು. ಬಸವಣ್ಣೆಮ್ಮ ಬಲಗೈಯಲ್ಲಿ ರಿಸೀವರ್ ಹಿಡಿದರು. ಎಡಗೈ ಸೊಸೆಯ ಕೈಯಲ್ಲೇ ಇತ್ತು.

"ಹೂಂ... ಹೂಂ... ಏ, ಯಾರಂದ್ರು ಅಕಿ ತಳ್ಳಿದ್ಲು ಅಂತ? ನಾನಾ? ನಾ ಅಂದಿದ್ದು ತಳ್ಳು ಅಂದ್ಲು ಅಂತ. ಅದೂ ನನಗ ತಿಳೀಲಿಲ್ಲ. ಇಲ್ಲೆಲ್ಲ ತಳ್ಳು ಅಂದ್ರ ಸರಿ ಅಂತ. ಅಕಿ ಸರೀರಿ ಅಂದ್ಲು, ನಾ ಬಾಣಲಿ ನೂಕಿದೆ. ತಪ್ಪು ನಂದು. ಹರಿಹರಕ್ಕ ಹೇಳು. ರಾಣೆಬೆನ್ನೂರಿಗೆ ಎರಡು ಸಲ ಹೇಳು."

ನೀರಜಾ ತಲೆ ಎತ್ತಲಿಲ್ಲ. ಎಣಿಕೆ ತಪ್ಪಿಹೋಯಿತು. ಪೇಪರ್ ಹಿಂದೆ ಮುಖ ಮುಚ್ಚಿಕೊಂಡಿದ್ದ ರುದ್ರೇಶ್ ಪುಟ ಮಗುಚಲಿಲ್ಲ. ಅವನ ಮೇಲಿನ ಸಿಟ್ಟು ಅವಳಿಗೆ ಇನ್ನೂ ಪೂರಾ ಹೋಗಿಲ್ಲ; ಅದಕ್ಕೆ ಯಾವ ಲ್ಯಾಬಿನಲ್ಲೂ ಪೊರೆ ಬೆಳೆಸುವುದಿಲ್ಲ.

ದಸರೆಯ ಹೊತ್ತಿಗೆ ಅಂಗೈ ತೆರೆಯಿತು. ಪೂರಾ ಅಲ್ಲ. ಕಿರುಬೆರಳು ಒಳಕ್ಕೆ ಬಾಗಿಯೇ ಉಳಿಯಿತು, ಚರ್ಮ ಚುಕ್ಕೆ ಚುಕ್ಕೆಯಾಗಿ ಬಿಳುಪಾಗಿತ್ತು. ಆದರೂ ಅದರ ನಡುವೆ ಲಿಂಗ ಅಲುಗದೆ ಕೂತಿತು. ಅವತ್ತು ಬಸವಣ್ಣೆಮ್ಮ ಪೂಜೆಗೆ ಕೂತವರು ಒಂದು ತಾಸು ಏಳಲಿಲ್ಲ.

ಅದೇ ವಾರದ ಶನಿವಾರ ಸಂಜೆ. ಒಲೆಯ ಮುಂದೆ ಈಗ ನೀರಜಾ ನಿಂತಿದ್ದಳು, ಬಾಣಲೆಯಲ್ಲಿ ಮೆಣಸಿನಕಾಯಿ ಚುರುಗುಟ್ಟುತ್ತಿತ್ತು. ಬಸವಣ್ಣೆಮ್ಮ ಮಂಡಕ್ಕಿಯ ಬುಟ್ಟಿಯನ್ನು ಎದೆಗವಚಿಕೊಂಡು ಒಳಗೆ ಬಂದರು. ದಾರಿಯಿರಲಿಲ್ಲ. ಒಂದು ಕ್ಷಣ ನಿಂತು, ಗಂಟಲು ಸರಿಮಾಡಿಕೊಂಡು ಹೇಳಿದರು.

"ಸ್ವಲ್ಪ ತಳ್ಳವ್ವ."

ನೀರಜಾ ಮೊದಲು ಒಲೆ ಆರಿಸಿದಳು. ಆಮೇಲೆ ಸರಿದು ನಿಂತಳು.